ಅಂದಾನಪ್ಪ ಮಾವ ನುಂಗಿದ ಗುಟುಕು

ನನಗೆ ಸಿಟ್ಟು ಜಾಸ್ತಿ ಎಂದು ಗದಗ-ಬೆಟಗೇರಿಯಲ್ಲಿ ಹೇಳದವರಿಲ್ಲ. ಹಾಗೆ ಹೇಳುವವರು ಒಮ್ಮೆ ಅಂದಾನಪ್ಪನಂಥವನನ್ನು ಅಕ್ಕನ ಗಂಡನನ್ನಾಗಿ ಪಡೆದು ನೋಡಲಿ, ಆಮೇಲೆ ನನ್ನ ಸಿಟ್ಟಿನ ಮಾತು ತೆಗೆಯಲಿ. ಬೇರೆ ಯಾರಾದರೂ ಆಗಿದ್ದರೆ ಇಷ್ಟೊತ್ತಿಗೆ ಕಾವಿ ಉಟ್ಟು ಕಪ್ಪತಗುಡ್ಡ ಹತ್ತುತ್ತಿದ್ದರು. ನಾನು ಹತ್ತಿಯ ಅಡತಿ ಅಂಗಡಿ ನಡೆಸುವವನು. ನನಗೆ ಗುಡ್ಡ ಹತ್ತಲು ಪುರುಸೊತ್ತಿಲ್ಲ, ಆದ್ದರಿಂದ ಅಂಗಡಿಯಲ್ಲೇ ಕೂತು ಸಿಟ್ಟು ಮಾಡುತ್ತೇನೆ.

ಮಾವ ಕೆಟ್ಟವನೇನಲ್ಲ. ಬೆಟಗೇರಿಯಲ್ಲಿ ಖಣ-ಸೀರೆಯ ಸಣ್ಣ ಅಂಗಡಿ ಇತ್ತು. ತೂಕದಲ್ಲಿ, ಅಳತೆಯಲ್ಲಿ ಮೋಸವಿಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಹೆಂಡತಿಯ ಹೆದರಿಕೆ, ಎಲ್ಲವೂ ಒಬ್ಬ ಗೃಹಸ್ಥನಿಗೆ ಇರಬೇಕಾದಷ್ಟು ಇದ್ದವು. ಆದರೆ ಯುದ್ಧದ ಕಾಲಕ್ಕೆ ಅಪ್ಪನ ಜೊತೆ ಜಗಳ ಮಾಡಿಕೊಂಡು ದಂಡಿಗೆ ಸೇರಿ ಈಜಿಪ್ತ ದೇಶಕ್ಕೆ ಹೋಗಿ ಬಂದದ್ದೇ ನಮಗೆ ಮುಳುವಾಯಿತು. ಅಲ್ಲಿ ಅವನು ಬಂದೂಕು ಹಿಡಿಯಲಿಲ್ಲ. ಆಸ್ಟ್ರೇಲಿಯಾದ ಅಧಿಕಾರಿಗಳ ಊಟದ ಮನೆಯಲ್ಲಿ ಅವನಿಗೆ ಕೆಲಸ ಸಿಕ್ಕಿತಂತೆ. ಏನು ಕೆಲಸ ಎಂದು ಕೇಳಿದವರಿಗೆ ಅವನು ಧ್ವನಿ ಇಳಿಸಿ ಹೇಳುತ್ತಿದ್ದ.

"ವೈನು ಅಂತ ಇರತೈತಿ. ಕೆಂಪು ದ್ರಾಕ್ಷಿಯಿಂದ ಮಾಡಿದ್ದು, ಆಸ್ಟ್ರೇಲಿಯಾದ್ದಂದ್ರ ಅಮೃತ. ಅದು ಚಲೋ ಐತೋ ಹೊಲಸೈತೋ ನಾ ರುಚಿ ನೋಡಿ ಹೇಳಬೇಕು. ನಾ ಹೂಂ ಅಂದ ಮ್ಯಾಲ ಕ್ಯಾಪ್ಟನ್ ಸಾಹೇಬ ಗ್ಲಾಸು ಮುಟ್ಟತಿದ್ದ."

"ಅಂದ್ರ ನೀ ಕುಡೀತಿದ್ಯೇನೋ ಅಂದಾನೆಪ್ಪಾ?" ಎಂದು ಕೇಳುವವರು ಹೌಹಾರುತ್ತಿದ್ದರು.

"ಕುಡಿಯೂದೆಲ್ಲಿ ಬಂತು! ಕಣ್ಣಿಲೆ ನೋಡೂದು, ಮೂಗಿಲೆ ನೋಡೂದು, ನಾಲಿಗಿಲೆ ನೋಡೂದು, ಪಟ್ಟನ ಉಗುಳೂದು. ನುಂಗಾಂವ ಕುಡುಕ, ಉಗುಳಾಂವ ಪಾರಖಿ."

ಈ ರುಚಿ ನೋಡುವ ಪಾರಖಿತನವನ್ನು ಅವನು ಈಜಿಪ್ತದಲ್ಲೇ ಬಿಟ್ಟು ಬಂದಿದ್ದರೆ ನನ್ನ ರಕ್ತ ಇಷ್ಟು ಕುದಿಯುತ್ತಿರಲಿಲ್ಲ. ಊರಿಗೆ ತಂದ. ಚಹಾದ ಅಂಗಡಿಯಲ್ಲಿ ಕಪ್ಪನ್ನು ಬಿಸಿಲಿಗೆ ಹಿಡಿದು ಬಣ್ಣ ನೋಡುವನು, ಗರಗರ ತಿರುಗಿಸುವನು, ಮೂಗು ಒಳಗಿಟ್ಟು ಕಣ್ಣು ಮುಚ್ಚುವನು, ಒಂದು ಗುಟುಕು ಬಾಯಲ್ಲಿ ಆಡಿಸಿ ರಸ್ತೆಗೆ ಉಗುಳಿ "ಪುಡಿ ಹಳೇದು" ಎನ್ನುವನು. ಅಂಗಡಿಯವನು ಮೊದಮೊದಲು ನಕ್ಕ. ಆಮೇಲೆ ನನ್ನ ಹತ್ತಿರ ಬಂದು ಅತ್ತ. ಜವಳಿ ವ್ಯಾಪಾರಿ ಉಡಚಪ್ಪನ ಮನೆಯಲ್ಲಿ ಊಟಕ್ಕೆ ಕರೆದರೆ ಸಾರನ್ನು ಉಗುಳಿದ. ಮಠದ ಹೊಸ ಬಾವಿಯ ನೀರು ಉಗುಳಿ "ಇನ್ನೊಂದಿಷ್ಟು ವರ್ಷ ಇಡಬೇಕು" ಎಂದ. ನೀರನ್ನು ವರ್ಷಗಟ್ಟಲೆ ಇಡುತ್ತಾರೆಯೇ? ನಾನು ಕೇಳಿದೆ. ಪಾರಖಿಗಳ ಮಾತು ಅಡತಿಯವರಿಗೆ ತಿಳಿಯುವುದಿಲ್ಲ ಎಂದು ಬಿಟ್ಟ. ಅವತ್ತು ಅವನ ಕೊರಳು ಹಿಡಿಯದೆ ಬಿಟ್ಟದ್ದು ಅಕ್ಕನ ಮುಖ ನೋಡಿ.

ಇಂಥವನ ಮಗಳಿಗೆ ಗಂಡು ಹುಡುಕುವ ಕೆಲಸ ಸೋದರಮಾವನಾದ ನನ್ನ ತಲೆಗೆ ಬಂತು. ನನ್ನ ಸೊಸೆ ಸುಮಿತ್ರಾ ಬಂಗಾರದಂಥ ಹುಡುಗಿ, ಏಳನೇ ಇಯತ್ತೆ ಪಾಸಾದವಳು. ಹುಡುಕಿ ಹುಡುಕಿ ಮುಂಡರಗಿಯ ಹೇಮಪ್ಪನವರ ಮನೆತನ ಗೊತ್ತು ಮಾಡಿದೆ. ಹುಡುಗ ಧಾರವಾಡದಲ್ಲಿ ಓದಿ ಮಾಸ್ತರನಾಗಿದ್ದ. ಸುಮಿತ್ರಾ ಅವನ ಫೋಟೋ ನೋಡಿದ್ದೇ ತಡ, ಅಡಿಗೆಮನೆಯಲ್ಲಿ ಎರಡು ಸಲ ಉಪ್ಪು ಹಾಕಿದಳು. ಎಲ್ಲ ಸರಿಹೋಯಿತು, ಒಂದು ಮಾತ್ರ ಬಿಟ್ಟು. ಹೇಮಪ್ಪನವರು ಅವರ ಭಾಗದ ದಾರೂಬಂದಿ ಸಮಿತಿಯ ಅಧ್ಯಕ್ಷರು. ಮುಂಬಯಿ ಸರಕಾರ ದಾರೂಬಂದಿ ಕಾಯದೆ ಮಾಡಿದ್ದು ತಮ್ಮ ಭಾಷಣ ಕೇಳಿಯೇ ಎಂದು ಅವರ ನಂಬಿಕೆ. ಸೇಂದಿಯ ಗಡಿಗೆ ಒಡೆದ ಕೋಲನ್ನು ಪಡಸಾಲೆಯಲ್ಲಿ ಗಾಂಧೀಜಿಯವರ ಫೋಟೋದ ಕೆಳಗೆ ತೂಗುಹಾಕಿದ್ದರು.

ನಿಶ್ಚಯಕ್ಕೆ ಬಂದ ದಿನ ಹೇಮಪ್ಪನವರು ಕೇಳಿದರು, "ನಿಮ್ಮ ಮಾವ ದಂಡಿನ್ಯಾಗ ಏನೇನೋ ಬಾಯಾಗ ಹಾಕ್ಕೊಂತಿದ್ರಂತ, ಖರೇನ್ರಿ?"

ನಾನು ಲಿಂಗ ಮುಟ್ಟಿ, ಒಂದು ಹನಿಯೂ ಗಂಟಲಿನ ಕೆಳಗೆ ಇಳಿದಿಲ್ಲ ಎಂದು ಆಣೆ ಮಾಡಿದೆ. ನಾನು ಆಣೆ ಮಾಡುತ್ತಿದ್ದಾಗ ಈ ಪುಣ್ಯಾತ್ಮ ಪಕ್ಕದಲ್ಲಿ ಕೂತು ಬೀಗರ ಎದುರಿಗೇ ಮಜ್ಜಿಗೆಯ ಲೋಟವನ್ನು ಗರಗರ ತಿರುಗಿಸುತ್ತಿದ್ದ! ಮೂಗಿಟ್ಟ. ಬಾಯಲ್ಲಿ ಆಡಿಸಿದ. ನಾನು ಅವನ ಕಾಲು ತುಳಿದೆ. ಉಗುಳಲು ಎದ್ದವನು ಮತ್ತೆ ಕೂತ, ಆದರೆ "ನಿನ್ನೀದು" ಎಂದು ಹೇಳಿಯೇ ಬಿಟ್ಟ.

ಹೇಮಪ್ಪನವರು ಎದ್ದು ನಿಂತರು. "ಇನ್ನೊಮ್ಮಿ ಇವರ ಬಾಯಿಂದ ವೈನು ಅನ್ನೋ ಶಬ್ದ ಬಂತು ಅಂತ ನನ್ನ ಕಿವಿಗೆ ಬಿದ್ರ, ಅಥವಾ ಅಂಥಾದ್ದು ಬಾಯಿಗೆ ಮುಟ್ಟಿತು ಅಂತ ತಿಳಿದ್ರ, ಈ ಲಗ್ನ ಇಲ್ಲ. ತಿಳೀತ?"

ತಿಳಿಯಿತು. ದೀಪಾವಳಿ ಆದ ಮೇಲೆ ಲಗ್ನ ಎಂದು ಗೊತ್ತಾಯಿತು. ಅಕ್ಕ ರೇಣುಕವ್ವ ಗಂಡನನ್ನು ಮನೆಯ ದೇವರ ಎದುರಿಗೆ ನಿಲ್ಲಿಸಿ ಬಾಯಿ ಮುಚ್ಚಿಕೊಂಡಿರುವ ಆಣೆ ಹಾಕಿಸಿದಳು. ಅವನು ಅಂದಿನಿಂದ ಚಹಾವನ್ನು ಎಲ್ಲರ ಹಾಗೆ ಬಸಿಗೆ ಸುರಿದು ಕುಡಿಯಲು ಹತ್ತಿದ. ನಾನು ಆ ತಿಂಗಳೆಲ್ಲ ನೆಮ್ಮದಿಯಿಂದ ಉಂಡೆ.

ಅದು ಐವತ್ತಾರನೆಯ ಇಸವಿಯ ಅಕ್ಟೋಬರ್. ಇನ್ನೇನು ನಮ್ಮ ಜಿಲ್ಲೆಗಳು ಮುಂಬಯಿಯಿಂದ ಬಿಡಿಸಿಕೊಂಡು, ನಿಜಾಮನ ಕಡೆಯ ಜಿಲ್ಲೆಗಳ ಜೊತೆ, ಮೈಸೂರಿನ ಜೊತೆ ಒಂದಾಗುವ ದಿನ ಬಂದಿತ್ತು. ಊರ ತುಂಬ ಕಮಾನು ಕಟ್ಟುವ ಗದ್ದಲ. ಅಂಥ ಒಂದು ಮಧ್ಯಾಹ್ನ ಪೊಲೀಸ ಯಮನೂರಸಾಬ ನನ್ನ ಅಂಗಡಿಗೆ ಓಡಿ ಬಂದ.

"ಸಾವಕಾರ್ರ, ನಿಮ್ಮ ಮಾವಗ ಫೌಜದಾರ ಸಾಹೇಬ್ರು ಕರ್ಯಾಕತ್ಯಾರ. ವೈನಿನ ಪಾರಖಿ ಬೇಕಂತ, ಮನಿಗೂ ಮಂದಿ ಕಳಿಸ್ಯಾರ, ಜಲ್ದಿ!"

ನನ್ನ ಕೈಯಲ್ಲಿದ್ದ ಹತ್ತಿಯ ಮಾದರಿ ಕೆಳಗೆ ಬಿತ್ತು. "ಯಾವ ಹಲ್ಕಟ್ ಹೇಳಿದ ಇಲ್ಲಿ ವೈನಿನ ಪಾರಖಿ ಅದಾನಂತ?"

"ಯಾರ ಹೇಳಬೇಕ್ರಿ? ಇಡೀ ಊರಿಗೆ ಗೊತ್ತೈತಿ."

ನಾನು ಬೆಟಗೇರಿ ಮುಟ್ಟುವಷ್ಟರಲ್ಲಿ ಮಾವನ ನೆರೆಮನೆಯ ಶಂಕ್ರೆವ್ವ ಓಣಿಯ ನಡುವೆ ನಿಂತು ಖಬರ ಹಂಚುತ್ತಿದ್ದಳು. "ಅಂದಾನೆಪ್ಪಗ ಬೇಡಿ ಹಾಕಿ ಒಯ್ದ್ರವ್ವಾ! ಸೆರೆ ಕಾಸತಿದ್ನಂತ. ಖಣದ ಗಂಟಿನ್ಯಾಗ ಬಾಟ್ಲಿ ಇಡತಿದ್ನಂತ. ನಾ ಹೋದ ವಾರ ಒಂದು ಖಣ ತಂದಿದ್ದೆ, ಈಗ ಮೂಸಿ ನೋಡಿದ್ರ ಖರೇನ ವಾಸನಿ ಬರತೈತಿ!"

"ಶಂಕ್ರೆವ್ವಾ, ಬೇಡಿಗೀಡಿ ಏನೂ ಇಲ್ಲ, ಒಳಗ ಹೋಗಬೇ!" ಎಂದು ಚೀರಿದೆ.

"ಅಯ್ಯ, ರೇಣುಕವ್ವನ ತಮ್ಮಗೂ ಗೊತ್ತಿತ್ತು ನೋಡ್ರೆವ್ವಾ" ಎಂದು ಅವಳು ಆ ಕಡೆ ತಿರುಗಿದಳು. ನಾನು ಹಲ್ಲು ಕಡಿದುಕೊಂಡು ಠಾಣೆಗೆ ಓಡಿದೆ.

ಠಾಣೆಯ ಅಂಗಳದಲ್ಲಿ ಆನೆ ಹಿಡಿಸುವಷ್ಟು ದೊಡ್ಡ ತೇಗಿನ ಕಪಾಟು ನಿಂತಿತ್ತು. ಒಳಗೆ ಬಾಕಿನ ಮೇಲೆ ಬಿಳಿ ಟೊಪ್ಪಿಗೆ, ಬಿಳಿ ಧೋತರ, ಬೆವರಿದ ಮುಖ. ಹೇಮಪ್ಪನವರು! ನನ್ನನ್ನು ನೋಡಿ ಅವರು ಆ ಕಡೆ ಮುಖ ಮಾಡಿದರು.

ಸಂಗತಿ ಇಷ್ಟು. ಬರುವ ಸೊಸೆಯ ಸೀರೆ ಇಡಲು ಹೇಮಪ್ಪನವರು ನಿಜಾಮನ ಸೀಮೆಯಲ್ಲಿ ಯಾವುದೋ ಜಾಗೀರದಾರನ ವಾಡೆಯ ಲಿಲಾವಿನಲ್ಲಿ ಕಪಾಟು ಹಿಡಿದಿದ್ದರು. ಅದನ್ನು ಪಾಲಿಶ್ ಮಾಡಿಸಲು ಲಾರಿಯಲ್ಲಿ ಹಾಕಿಕೊಂಡು ನೇರವಾಗಿ ಗದುಗಿಗೆ ಬಂದರು. ಆ ಕಡೆ ದಾರೂಬಂದಿ ಇರಲಿಲ್ಲವಾದ್ದರಿಂದ ಆ ಕಡೆಯಿಂದ ಬಂದ ಲಾರಿಗಳನ್ನೆಲ್ಲ ನಮ್ಮ ಪೊಲೀಸರು ನಿಲ್ಲಿಸಿ ಜಡತಿ-ತಪಾಸಣೆ ಮಾಡುತ್ತಿದ್ದರು. ಕಪಾಟಿನ ಕೆಳಗಿನ ಕೀಲಿ ಹಾಕಿದ ಖಾನೆ ಒಡೆದರೆ, ಒಂದು ಕಪ್ಪು ಬಾಟಲಿ. ಹೇಮಪ್ಪನವರಿಗೆ ಅದು ಅಲ್ಲಿದ್ದದ್ದೇ ಗೊತ್ತಿರಲಿಲ್ಲ. ಅವರು ಖಾನೆ ತೆಗೆಯದೆ ಕಪಾಟು ಕೊಂಡಿದ್ದರು.

ಬಾಟಲಿಯ ಮೇಲಿನ ಚೀಟಿಯನ್ನು ಗೆದ್ದಲು ತಿಂದು ಒಂದೇ ಶಬ್ದ ಉಳಿಸಿತ್ತು: ಆಸ್ಟ್ರೇಲಿಯಾ. ಅದು ವೈನೋ, ಹಣ್ಣಿನ ರಸವೋ, ಔಷಧವೋ ಹೇಳುವವರಿಲ್ಲ. ಪರೀಕ್ಷೆಗೆ ಕಳಿಸೋಣವೆಂದರೆ, ಮುಂಬಯಿಗೆ ಕಳಿಸಿದರೆ ಉತ್ತರ ಬರುವಷ್ಟರಲ್ಲಿ ನಾವು ಮುಂಬಯಿಯವರಾಗಿ ಉಳಿದಿರುವುದಿಲ್ಲ. ಬೆಂಗಳೂರಿಗೆ ಕಳಿಸೋಣವೆಂದರೆ ನಾವು ಇನ್ನೂ ಅವರವರಾಗಿಲ್ಲ. ಹೊಸದಾಗಿ ಬಂದಿದ್ದ ಫೌಜದಾರರು ಈ ಎರಡರ ನಡುವೆ ಕೂತು ತಲೆ ಕೆರೆದುಕೊಳ್ಳುತ್ತಿದ್ದರು. ಕಡೆಗೆ ಇಬ್ಬರು ಪಂಚರನ್ನು ಕರೆಸಿ, ಮೂಸಿ ನೋಡಿ ಏನೆಂದು ಹೇಳಲಿ, ಪಂಚನಾಮೆ ಮಾಡಿ ಮುಗಿಸೋಣ ಎಂದು ಬಿರಡೆ ತೆಗೆಸಿದರು.

ಮೊದಲನೆಯ ಪಂಚ ಉಡಚಪ್ಪ. ಬಾಟಲಿಗೆ ಮೂಗಿಟ್ಟು ಧೈರ್ಯವಾಗಿ ಹೇಳಿದ, "ದಾರೂ ಅಲ್ಲರಿ. ದಾರೂ ವಾಸನಿ ಮೂಗಿಗೆ ಹೊಡೀತೈತಿ, ಇದು ಮೆತ್ತಗೈತಿ."

"ದಾರೂ ವಾಸನಿ ನಿಮಗ ಹ್ಯಾಂಗ ಗೊತ್ತು?" ಎಂದರು ಫೌಜದಾರರು.

ಉಡಚಪ್ಪ ಬಾಟಲಿಯಿಂದ ಮೂಗು ಹಿಂದಕ್ಕೆ ಎಳೆದುಕೊಂಡ. "ನನಗ ಗೊತ್ತಿಲ್ರಿ. ಮೂಗಿಗೆ ಹೊಡೀತೈತಿ ಅಂತ ಮಂದಿ ಅಂತಾರ."

"ಯಾವ ಮಂದಿ? ಹೆಸರು ಹೇಳ್ರಿ."

"ನೆಗಡಿ ಆಗೇತ್ರಿ ಸಾಹೇಬ್ರ. ಮೂಗ ಇಲ್ಲರಿ ನನಗ."

ಎರಡನೆಯವನು ಸೈಕಲ್ ಅಂಗಡಿಯ ಇಸಾಕ. ಅವನು ಬಹಳ ಹೊತ್ತು ಮೂಸಿದ. ಮುಖ ಅರಳಿತು. "ಆಹಾ! ಇದು ಏನ ಐತೆಲ್ರಿ ಸಾಹೇಬ್ರ..." ಎಂದು ಶುರು ಮಾಡಿದವನು ಫೌಜದಾರರ ಪೆನ್ಸಿಲ್ ಎದ್ದದ್ದನ್ನು ನೋಡಿ ಥಟ್ಟನೆ ನಿಂತ. "ಏನೈತೋ ಗೊತ್ತಾಗೂದಿಲ್ರಿ. ನಾ ಹುಟ್ಟಿದಾಗಿಂದ ನೀರು ಬಿಟ್ಟು ಏನೂ ಮೂಸಿಲ್ಲ."

ಫೌಜದಾರರು ಮೇಜು ಗುದ್ದಿದರು. ಕುಡಿದವನು ಗೊತ್ತು ಎಂದರೆ ತಾನೇ ಸಿಕ್ಕಿಬೀಳುತ್ತಾನೆ. ಕುಡಿಯದವನಿಗೆ ಗೊತ್ತೇ ಇರುವುದಿಲ್ಲ. ಕಾಯದೆ ಮಾಡಿದ ಪುಣ್ಯಾತ್ಮರು ಇದನ್ನು ಯೋಚಿಸಿದ್ದರೋ ಇಲ್ಲವೋ! ಆಗ ಯಮನೂರಸಾಬ, ಅವನ ನಾಲಗೆ ಬಿದ್ದುಹೋಗಲಿ, ಮುಂದೆ ಬಂದು ಹೇಳಿದನಂತೆ, "ಕಾಯದೆ ಮುರೀದಂಗ ರುಚಿ ನೋಡಿದಾಂವ ಇಡೀ ಊರಾಗ ಒಬ್ಬನ ಅದಾನ್ರಿ. ಈಜಿಪ್ತದಾಗ ನೋಡ್ಯಾನ, ಯುದ್ಧದಾಗ ನೋಡ್ಯಾನ, ಮ್ಯಾಲ ಉಗುಳ್ಯಾನ."

ಅಂದಾನಪ್ಪ ಮಾವ ಜರಿ ರುಮಾಲು ಸುತ್ತಿಕೊಂಡು, ಓಡಿ ಬಂದ ನನ್ನ ಹಿಂದೆ ನಿಧಾನವಾಗಿ ಠಾಣೆಗೆ ಬಂದ! ಹೌದು, ಪೊಲೀಸರು ಕರೆದರೆ ಜನ ಹೆದರಿ ಹಿತ್ತಲಿಗೆ ಓಡುತ್ತಾರೆ, ಇವನು ರುಮಾಲು ಸುತ್ತಿದ. ಸರಕಾರವೇ ಕರೆದಿದೆ ಎಂದ ಮೇಲೆ ಮನೆದೇವರ ಆಣೆ ಎಲ್ಲಿಯದು! ಮೆಟ್ಟಿಲು ಹತ್ತುತ್ತ, ಕಿಟಕಿಗೆ ಜೋತುಬಿದ್ದಿದ್ದ ಮಂದಿಗೆ ಕೈ ಕೂಡ ಬೀಸಿದ. ಒಳಗೆ ಬಂದವನಿಗೆ ಬಾಕಿನ ಮೇಲಿನ ಹೇಮಪ್ಪನವರು ಕಂಡರು. ಬೀಸುತ್ತಿದ್ದ ಕೈ ಹಾಗೆಯೇ ಕೆಳಗಿಳಿಯಿತು.

"ಬರ್ರಿ, ಪಾರಖಿ ಸಾಹೇಬ್ರ, ಕುಂಡ್ರಿ" ಎಂದರು ಫೌಜದಾರರು. "ಈ ಬಾಟ್ಲಿ ಈ ಗೃಹಸ್ಥರ ಕಪಾಟಿನ್ಯಾಗ ಸಿಕ್ಕೈತಿ. ರುಚಿ ನೋಡಿ ಹೇಳ್ರಿ. ವೈನು ಅಂದ್ರ ಇವರು ಜೇಲಿಗೆ. ಅಲ್ಲಂದ್ರ ಮನಿಗೆ."

ಮಾವ ನನ್ನ ಕಡೆ ನೋಡಿದ. ಹೌದೆಂದರೆ ಬೀಗರು ಜೇಲಿಗೆ, ಮಗಳ ಲಗ್ನ ಮಣ್ಣಿಗೆ. ಬಾಯಿಗೆ ಹಾಕಿದರೂ ಲಗ್ನ ಮಣ್ಣಿಗೆ, ಬೀಗರು ಮೊದಲೇ ಹೇಳಿದ್ದರಲ್ಲ. ನಾನು ಹಲ್ಲು ಕಚ್ಚಿ ಕಣ್ಣಿನಲ್ಲೇ "ಸಾಯಿ ಈಗ" ಎಂದೆ.

ಅವನು ಕೈ ಮುಗಿದ. "ಸಾಹೇಬ್ರ, ನಾ ಪಾರಖಿ ಅಲ್ಲರಿ."

"ಆಂ?"

"ಈಜಿಪ್ತದಾಗ ನಾ ಗ್ಲಾಸು ತೊಳೀತಿದ್ನಿರಿ. ಸಾಹೇಬ್ರು ತಿರುವೂದು, ಮೂಸೂದು, ಉಗುಳೂದು ಎಲ್ಲಾ ಬಾಗಲಾಗ ನಿಂತು ನೋಡೀನಿ. ನನ್ನ ಬಾಯಾಗ ಒಂದು ಹನಿ ಬಿದ್ದಿಲ್ರಿ. ಊರಾಗ ಸುಮ್ನ ಬಡಾಯಿ ಹೊಡದೇನಿ."

ಗ್ಲಾಸು ತೊಳೆಯುತ್ತಿದ್ದನೇ! ನಾನು ಇಷ್ಟು ವರ್ಷ ಚಹಾದ ಅಂಗಡಿಯವನಿಗೆ ಸಮಾಧಾನ ಹೇಳಿದ್ದು, ಉಡಚಪ್ಪನ ಹೆಂಡತಿಯ ಎದುರು ತಲೆ ತಗ್ಗಿಸಿದ್ದು, ಲಿಂಗ ಮುಟ್ಟಿ ಆಣೆ ಮಾಡಿದ್ದು ಎಲ್ಲ ಗ್ಲಾಸು ತೊಳೆಯುವವನ ಸಲುವಾಗಿಯೇ? ನಿಜವಾದ ಪಾರಖಿಯ ಕಾಟವಾಗಿದ್ದರೆ ಸಹಿಸಿದ್ದಕ್ಕೆ ಒಂದು ಮರ್ಯಾದೆಯಾದರೂ ಇರುತ್ತಿತ್ತು. ಅಲ್ಲಿಯೇ ನಾಲ್ಕು ಬಿಡಬೇಕು ಎನಿಸಿತು.

ಆದರೆ ಫೌಜದಾರರು ಹೊಟ್ಟೆ ಹಿಡಿದು ನಕ್ಕರು. "ದೊಡ್ಡ ಪಾರಖಿಗಳು ಹಿಂಗ ವಿನಯ ಮಾಡತಾರ!"

"ವಿನಯ ಅಲ್ಲರಿ, ಖರೇನ ಹೇಳಾಕತ್ತೀನಿ!"

"ಸುಳ್ಳರಿ ಸಾಹೇಬ್ರ!" ಕಿಟಕಿಯಿಂದ ಯಾರೋ ಕೂಗಿದರು. "ನಮ್ಮ ಅಂಗಡಿ ಚಾ ದಿನಾ ಉಗುಳ್ಯಾನ!"

ಮೂಗಿಲ್ಲದ ಉಡಚಪ್ಪನಿಗೆ ಈಗ ಬಾಯಿ ಬಂದಿತ್ತು. "ನನ್ನ ಹೆಂಡ್ತಿ ಮಾಡಿದ ಸಾರು ಉಗುಳ್ಯಾನ್ರಿ! ಪಾರಖಿ ಅಂತ ನಾವು ಸುಮ್ನಿದ್ವಿ. ಅಲ್ಲಂದ್ರ ಈಗ್ಲೇ ಒದೀತೀನಿ. ಹೇಳೋ ಅಂದಾನೆಪ್ಪಾ, ಪಾರಖಿ ಹೌದೋ ಅಲ್ಲೋ?"

ಮಾವ ಆ ಕಡೆ ಈ ಕಡೆ ನೋಡಿದ. ಜನ್ಮದಲ್ಲಿ ಮೊದಲ ಸಲ ಈ ವಿಷಯದಲ್ಲಿ ಒಂದು ನಿಜ ಹೇಳಿದ್ದಾನೆ, ನಂಬುವವನು ಒಬ್ಬನೂ ಇಲ್ಲ! ನಂಬಿದವನು ನಾನೊಬ್ಬ, ನನಗೋ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟರಲ್ಲಿ ಹೇಮಪ್ಪನವರು ಗಂಟಲು ಸರಿ ಮಾಡಿಕೊಂಡು ಎದ್ದರು. ಭಾಷಣದ ಧ್ವನಿ. "ಫೌಜದಾರ್ರ, ನಾ ಸತ್ಯಕ್ಕ ಅಂಜಾಂವ ಅಲ್ಲ. ನನ್ನ ಜೀವನ ಎಲ್ಲಾ ದಾರೂ ವಿರುದ್ಧ ಹೋರಾಡೇನಿ. ರುಚಿ ನೋಡ್ಲಿ. ವೈನು ಆಗಿದ್ರ ವೈನು ಅನ್ಲಿ, ನಾ ನಗನಗತಾ ಜೇಲಿಗೆ ಹೋಗತೀನಿ!" ಎಂದವರು ಕೂರುವಾಗ ಮಾವನ ಧೋತರದ ಚುಂಗು ಎಳೆದು, ನನಗೆ ಕೇಳುವಷ್ಟು ಮೆಲ್ಲಗೆ ಹೇಳಿದರು, "ಬೀಗರ... ನನಗ ಸಕ್ರಿ ರೋಗ ಐತ್ರಿ."

ಮಾವನನ್ನು ಅವರು ಬೀಗರು ಎಂದು ಕರೆದದ್ದು ಅದೇ ಮೊದಲು.

ಬಾಗಿಲಲ್ಲಿ ಗದ್ದಲವಾಯಿತು. ಅಕ್ಕ ಸೆರಗು ಬಿಗಿದು ಮಂದಿಯನ್ನು ಸರಿಸುತ್ತ ಬಂದಳು. ಫೌಜದಾರರನ್ನು ನೋಡಲೇ ಇಲ್ಲ. "ಬಾಯಿ ಮುಚ್ಚಿಕೊಂಡಿರು ಅಂತ ದೇವರ ಮುಂದ ಆಣಿ ಹಾಕಿಸಿದ್ನೋ ಇಲ್ಲೋ? ಇಲ್ಲಿ ಬಂದು ಬಾಯಿ ತಗದು ಕುಂತೀಯಲ್ಲ! ಅದನ್ನ ಬಾಯಾಗ ಹಾಕಿದ್ರ ಮನಿಗೆ ಬರಬ್ಯಾಡ. ಬೀಗರಿಗೆ ಜೇಲ ಆತಂದ್ರ ಮಗಳ ಮಾರಿ ನೋಡಬ್ಯಾಡ. ಅಲ್ಲಿ ಕೂಸು ಬಾಗಲಾ ಹಾಕ್ಕೊಂಡು ಅಳಾಕತ್ತೈತಿ!"

"ಎರಡೂ ಹೆಂಗ ಆಗಬೇಕಬೇ?" ಎಂದ ಮಾವ ಅಳುಮೋರೆ ಮಾಡಿ.

"ಅದು ನಿನಗ ಗೊತ್ತು. ಪಾರಖಿ ನೀನ."

ಫೌಜದಾರರ ತಾಳ್ಮೆ ಮುಗಿಯಿತು. "ರುಚಿ ನೋಡತೀರೋ, ಸರಕಾರದ ಕೆಲಸಕ್ಕ ಅಡ್ಡಿ ಮಾಡಿದಿರಿ ಅಂತ ನಿಮ್ಮನ್ನೂ ಒಳಗ ಹಾಕ್ಲೋ?"

ಯಮನೂರಸಾಬ ಗಾಜಿನ ಲೋಟದಲ್ಲಿ ಬೆರಳೆರಡರಷ್ಟು ಸುರಿದ. ದಾಳಿಂಬೆಯ ಕಾಳಿನ ಬಣ್ಣ. ಮಾವ ಲೋಟ ಹಿಡಿದ. ಎಷ್ಟು ವರ್ಷದ ರೂಢಿ! ಬೆಳಕಿಗೆ ಹಿಡಿದ. ಗರಗರ ತಿರುಗಿಸಿದ. ಕಿಟಕಿಯ ಮಂದಿ "ನೋಡ್ರಿ, ನೋಡ್ರಿ, ಗ್ಲಾಸು ತೊಳೀತಿದ್ನಂತ!" ಎಂದು ಹಂಗಿಸಿದರು. ಅವನು ಮೂಗು ಒಳಗಿಟ್ಟ. ಅಲ್ಲಿ ಮೊದಲ ಸಲ ಅವನ ಲೆಕ್ಕ ತಪ್ಪಿತು. ಮೂಗು ತೆಗೆಯಲೇ ಇಲ್ಲ. ಚಹಾದ ಕಪ್ಪಿನಲ್ಲಿ ಮೂಗಿಟ್ಟು ಕಣ್ಣು ಮುಚ್ಚುವುದು ನಾಟಕವೆಂದು ಈಗ ನನಗೆ ಗೊತ್ತಿತ್ತಲ್ಲ, ಇದು ಬೇರೆ ಇತ್ತು. ಹುಬ್ಬುಗಳು ತಾವಾಗಿಯೇ ಮೇಲೇರಿದವು.

ಒಂದು ಗುಟುಕು ಬಾಯಿಗೆ ಹಾಕಿಕೊಂಡ.

ಯಮನೂರಸಾಬ ಉಗುಳಲೆಂದು ಮಣ್ಣಿನ ಬೋಗುಣಿಯನ್ನು ಮುಂದೆ ಹಿಡಿದ. ಎಲ್ಲರೂ ಬೋಗುಣಿಯನ್ನೇ ನೋಡುತ್ತಿದ್ದೆವು. ಮಾವ ಉಗುಳಲಿಲ್ಲ. ಗಲ್ಲಗಳು ಮೆಲ್ಲಗೆ ಆ ಕಡೆ ಈ ಕಡೆ ಆಡಿದವು. ಎಡಗೈಯಿಂದ ಬೋಗುಣಿಯನ್ನು ಸರಿಸಿದ. ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು. ಗುಳುಕ್ ಎಂದದ್ದು ಕಿಟಕಿಯವರಿಗೂ ಕೇಳಿಸಿತು. ಅಕ್ಕ "ಎವ್ವಾ!" ಎಂದು ಗೋಡೆಗೆ ಒರಗಿದಳು. ಹೇಮಪ್ಪನವರ ಟೊಪ್ಪಿಗೆ ಓರೆಯಾಯಿತು.

ಮಾವ ಕಣ್ಣು ತೆರೆಯಲಿಲ್ಲ. ಊರಿನ ಚಹಾ, ಮಜ್ಜಿಗೆ, ಬಾವಿಯ ನೀರಿನ ಮೇಲೆ ಗಂಟೆಗಟ್ಟಲೆ ಮಾತಾಡಿದವನ ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ಮುಚ್ಚಿದ ಕಣ್ಣಿನಿಂದ ಒಂದು ಹನಿ ನೀರು ಇಳಿದು ಮೀಸೆಗೆ ಬಂತು.

"ಏನದು? ಹೇಳ್ರಿ!" ಫೌಜದಾರರು ಮುಂದೆ ಬಾಗಿದರು.

ಮಾವ ಬಾಯಿ ತೆರೆದ. ನನಗೆ ಕಾಣಿಸಿತು, ಅವನ ನಾಲಗೆಯ ತುದಿಗೆ ಬಂದ ಮಾತು ಏನೆಂದು. ಅದನ್ನು ಹೇಳಲು ಇವನು ತುದಿಗಾಲ ಮೇಲೆ ನಿಂತು ಇಷ್ಟು ವರ್ಷ ಕಾದಿದ್ದ. ಇಡೀ ಊರು ಕಿಟಕಿಯಲ್ಲಿ ನಿಂತಿತ್ತು, ಸರಕಾರ ಪೆನ್ಸಿಲ್ ಹಿಡಿದು ಕೂತಿತ್ತು. ಅವನು ಅಕ್ಕನನ್ನು ನೋಡಿದ. ಮುಖವನ್ನು ಕಿವುಚಿ, ಒಂದೊಂದೇ ಶಬ್ದ ಕಿತ್ತು ಹಾಕಿದಂತೆ ಹೇಳಿದ, "ಔಷಧರಿ. ಹೊಟ್ಟಿನೋವಿಂದು. ಹೇಸಿ ಕಹಿ."

"ವೈನು ಅಲ್ಲ?"

"ಇದು ವೈನೇನ್ರಿ! ಥೂ!"

ಫೌಜದಾರರು ಕಣ್ಣು ಕಿರಿದು ಮಾಡಿದರು. "ಮತ್ತ ಉಗುಳಲಿಲ್ಲ ಯಾಕ?"

ನಾನು ಲಿಂಗ ಹಿಡಿದುಕೊಂಡೆ.

"ವೈನಾಗಿದ್ರ ಉಗುಳತಿದ್ದೆ" ಎಂದ ಮಾವ. "ಔಷಧ ಯಾರರೆ ಉಗುಳತಾರೇನ್ರಿ ಸಾಹೇಬ್ರ?"

ಫೌಜದಾರರು ಮೇಜು ತಟ್ಟಿದರು. ಕಿಟಕಿಯ ಮಂದಿ "ಹೌದಲೇ, ಹೌದು" ಎಂದು ತಲೆ ಆಡಿಸಿದರು. ನಿಜ ಹೇಳಿದಾಗ ಇವನನ್ನು ಸುಳ್ಳುಗಾರ ಎಂದು ಬೈದವರು, ಸುಳ್ಳು ಹೇಳಿದ ಕೂಡಲೇ "ಪಾರಖಿ ಅಂದ್ರ ಹಿಂಗಿರಬೇಕು" ಎಂದರು. ಇಂಥ ಊರಿನಲ್ಲಿ ಬದುಕಿಯೂ ನನಗೆ ಸಿಟ್ಟು ಬರಬಾರದಂತೆ! ಮುಂಬಯಿ ಬೇಡ, ಬೆಂಗಳೂರು ಬೇಡ, ಕೆಲಸ ಮುಗಿಯಿತೆಂದು ಫೌಜದಾರರಿಗೆ ಎಷ್ಟು ಸಂತೋಷವಾಗಿತ್ತೆಂದರೆ, "ಯಮನೂರಸಾಬ, ಚೆಲ್ಲಿ ಬಾ ಅದನ್ನ ಗಟಾರಕ್ಕ" ಎಂದು ಕೂಗಿದರು.

"ಚೆಲ್ಲಬ್ಯಾಡ್ರಿ!" ಮಾವ ಚೀರಿಕೊಂಡು ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು.

"ಯಾಕ್ರಿ?"

"ಯಾಕಂದ್ರ... ನನ್ನ ಹೊಟ್ಟಿ ನೋಯಾಕತ್ತೈತ್ರಿ. ಇನ್ನೊಂದು ಗುಟುಕು..."

"ಹಳೇ ಔಷಧ ಕುಡದು ಇಲ್ಲೇ ಸತ್ತಗಿತ್ತೀರಿ. ಚೆಲ್ಲೋ ಜಲ್ದಿ!"

ಯಮನೂರಸಾಬ ಬಾಟಲಿ ಬಗ್ಗಿಸಿದ. ಗಟಾರದಲ್ಲಿ ಕೆಂಪು ನೀರು ಸುಳಿ ತಿರುಗಿ ಹರಿಯಿತು. ಮಾವ ಮೆಟ್ಟಿಲ ಮೇಲೆ ನಿಂತು, ಕೊನೆಯ ಹನಿ ಬೀಳುವವರೆಗೂ ನೋಡಿದ. ಇಸಾಕನೂ ಅವನ ಪಕ್ಕದಲ್ಲಿ ಬಂದು ನಿಂತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೇಮಪ್ಪನವರು ಟೊಪ್ಪಿಗೆ ಸರಿ ಮಾಡಿಕೊಂಡು ಹೊರಗೆ ಬಂದರು. ಬೀದಿಗೆ ಕಾಲಿಟ್ಟದ್ದೇ ಅವರ ಬೆನ್ನು ನೆಟ್ಟಗಾಯಿತು, ನನ್ನ ಕಡೆ ತಿರುಗಿದರು. "ನಿಜಲಿಂಗಪ್ಪ, ಸತ್ಯಕ್ಕ ಜಯ ಆತು. ಆದ್ರ ನಿಮ್ಮ ಮಾವ ಅದನ್ನ ನುಂಗಬಾರದಿತ್ತು. ಔಷಧ ಅಂದ್ರೂ ಪರದೇಶದ್ದು. ಯಾರು ಬೆರಿಕಿ ಮಾಡ್ಯಾರೋ ಏನೋ. ನನ್ನ ಮಾತು ನೆನಪೈತೆಲ್ಲ? ಬಾಯಿಗೆ ಮುಟ್ಟಿದ್ರ ಲಗ್ನ..."

ಆಗ ನಾನು ಬಿಟ್ಟೆ. ಮಧ್ಯಾಹ್ನದಿಂದ ಹಿಡಿದಿಟ್ಟದ್ದು, ಇಷ್ಟು ವರ್ಷ ಹಿಡಿದಿಟ್ಟದ್ದು ಎಲ್ಲ ಒಟ್ಟಿಗೆ ಬಂತು. "ಹೇಮಪ್ಪನವರ, ಬಾಟ್ಲಿ ಯಾರ ಕಪಾಟಿನ್ಯಾಗಿತ್ತು? ನಮ್ಮ ಮಾವನ ಅಂಗಡ್ಯಾಗಿತ್ತೇನು? ನಿಮ್ಮ ಸಲುವಾಗಿ ಈ ಮನಷ್ಯಾ ಇಡೀ ಊರ ಮುಂದ ಗ್ಲಾಸು ತೊಳದೆ ಅಂತ ಒಪ್ಪಿಕೊಂಡ. ನಿಮ್ಮ ಸಲುವಾಗಿ ನುಂಗಿದ. ಇನ್ನೊಂದು ಮಾತ ಆಡ್ರಿ, ಮಾವನ ಕೈ ಹಿಡಕೊಂಡು ವಾಪಸ್ ಒಳಗ ಹೋಗತೀನಿ. ಏನು ನುಂಗಿದ ಅಂತ ಖರೇ ಹೇಳಸ್ತೀನಿ. ಹೇಳಸ್ಲೇನು?"

ಬೀದಿಯಲ್ಲಿ ಎತ್ತಿನ ಗಾಡಿಯೊಂದು ನಿಂತುಬಿಟ್ಟಿತು. ಹೇಮಪ್ಪನವರು ಗಟಾರ ನೋಡಿದರು, ಠಾಣೆಯ ಬಾಗಿಲು ನೋಡಿದರು, ನನ್ನ ಮುಖ ನೋಡಿದರು. "ಲಗ್ನದ ಊಟಕ್ಕ ಹೂರಣದ ಹೋಳಿಗಿ ಮಾಡಸ್ರಿ ಅನ್ನಾಂವಿದ್ದೆ" ಎಂದರು. ಕಪಾಟನ್ನು ಲಾರಿಗೆ ಹೇರಿಸಿ, ತಾವೂ ಹತ್ತಿ ಹೊರಟುಹೋದರು.

ಬೆಟಗೇರಿಗೆ ನಡೆದೇ ಹೊರಟೆವು. ಅಕ್ಕ ಮುಂದೆ ಮುಂದೆ, ಮಗಳಿಗೆ ಸುದ್ದಿ ಹೇಳುವ ಅವಸರದಲ್ಲಿ. ಮಾವ ಹಿಂದೆ, ರುಮಾಲು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ತುಟಿ ಬಿಗಿ ಹಿಡಿದು ನಡೆಯುತ್ತಿದ್ದ. ಒಳಗಿನ ರುಚಿ ಗಾಳಿಗೆ ಹಾರಿಹೋದೀತು ಎಂಬಂತೆ ಬಾಯಿಯಿಂದ ಉಸಿರು ಕೂಡ ಬಿಡಲಿಲ್ಲ. ಬೈಯಬೇಕೆಂದು ನಾನು ಬಹಳ ಮಾತು ಜೋಡಿಸಿಕೊಂಡಿದ್ದೆ. ಹತ್ತಿ ಜಿನ್ನಿನ ಕಾರಖಾನೆಯ ಗೋಡೆಯ ಹತ್ತಿರ ಬಂದಾಗ ತಡೆಯಲಾಗಲಿಲ್ಲ.

"ಮಾವಾ, ಇಲ್ಲಿ ಯಾರೂ ಇಲ್ಲ. ಹೆಂಗಿತ್ತದು?"

ಅವನು ನಿಂತ. ಕೆಂಪಾದ ಕಣ್ಣು ಬಿಟ್ಟು ನನ್ನನ್ನೇ ನೋಡಿದ.

"ನಿಂಗ್ಯಾ, ಆಸ್ಟ್ರೇಲಿಯಾ ವೈನಿನ ಬಗ್ಗೆ ಇಷ್ಟು ವರ್ಷ ನಾ ಹೇಳಿದ್ದೆಲ್ಲಾ ಸುಳ್ಳು."

"ಅದು ಗೊತ್ತಾತಲ್ಲ ಇವತ್ತು, ನನಗೊಬ್ಬಗ."

"ಏನ ಗೊತ್ತಾತೋ ನಿನಗ!" ಎಂದು ನನ್ನ ಅಂಗಿಯ ಎದೆ ಹಿಡಿದು ಜಗ್ಗಿದ. ಅಂಥ ಸಿಟ್ಟನ್ನು ನಾನು ನನ್ನಲ್ಲಿ ಕೂಡ ಕಂಡಿರಲಿಲ್ಲ. "ಸುಳ್ಳಂತೂ ಹೇಳಿದೆ. ಅದ್ರಾಗೂ ಕಡಿಮಿ ಹೇಳಿದ್ನಲ್ಲೋ!"